ಕಣ್ಣೀರು ಬಾರದ ಅಳು

ಮನೆಯ ಅಡುಗೆಕೋಣೆ,
ಭಾನುವಾರ, ಹತ್ತೊಂಬತ್ತನೇ ತಾರೀಖು

ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮ? ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವುದು ಈಗಲಾದರೂ ನಿಂತಿತೇ? ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಓದುತ್ತೀಯ: ಪುಟ್ಟಿ ಕ್ಷೇಮ. ಇಲ್ಲೇ ನನ್ನ ಕಾಲಬುಡದಲ್ಲಿ ಕೂತು ಪಾತ್ರೆ ಬಡಿಯುತ್ತಿದ್ದಾಳೆ. ಅವಳ ಜೊತೆಗೇ ಹುಟ್ಟಿದ ಪುಟ್ಟ ಮಲಗಿದ್ದಾನೆ. ಹತ್ತು ತಿಂಗಳಿಗೇ ಅವನ ಗೊರಕೆ ಥೇಟ್ ಅವನಪ್ಪನದು.

ಮಂಗಳವಾರ ಬೆಳಿಗ್ಗೆ ಪುಟ್ಟಿ ಕುಡಿದ ಹಾಲನ್ನೆಲ್ಲ ನನ್ನ ಹೆಗಲ ಮೇಲೆ ಕಕ್ಕಿದಳು. ಹಲ್ಲು ಬರುವಾಗ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಆಮೇಲೆ ನೀರಿನಂಥ ಭೇದಿ ಹತ್ತಿತು. ಬಟ್ಟೆ ಬದಲಿಸಿ ಕೈ ತೊಳೆಯುವಷ್ಟರಲ್ಲಿ ಮತ್ತೆ. ನಿನ್ನ ಗಂಡ ಕಾರ್ಖಾನೆಯಲ್ಲಿದ್ದ. ಪಕ್ಕದ ಮನೆಯಾಕೆ ಬಂದು, "ಹೊಟ್ಟೆಗೆ ಏನೂ ಹಾಕ್ಬೇಡಿ, ತಾನಾಗೇ ನಿಲ್ಲುತ್ತೆ" ಎಂದಳು. ಹೂಂ ಎಂದೆ, ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಪುಟ್ಟಿ ಅತ್ತಳು. ಬಾಯಿ ಅಗಲಿಸಿ ಅಳುತ್ತಾಳೆ, ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ. ನೆತ್ತಿ ಮುಟ್ಟಿದರೆ ಬೆರಳು ತಗ್ಗಿಗೆ ಇಳಿಯಿತು. ಪುಟ್ಟನನ್ನು ಆಕೆಯ ಕೈಗೆ ತುರುಕಿ, ಪುಟ್ಟಿಯನ್ನು ಅವಚಿಕೊಂಡು ರಸ್ತೆಗೆ ಓಡಿದೆ. ಬಸ್ಸಿನಲ್ಲಿ ಕಂಡಕ್ಟರಾಗಿ ಊರಿಗೆಲ್ಲ ಕೇಳುವಂತೆ ಕೂಗಿದ ಗಂಟಲು ನನ್ನದು, ಆದರೆ ಬಂದ ಕಾರಿಗೆ ಅಡ್ಡ ನಿಂತಾಗ ಸ್ವರವೇ ಹೊರಡಲಿಲ್ಲ. ಮಗುವನ್ನು ಎತ್ತಿ ತೋರಿಸಿದೆ. ಚಾಲಕ ತಕ್ಷಣ ಬಾಗಿಲು ತೆಗೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಅದು ನಿಧಾನವಾಗಿ ಸಮವಾಯಿತು. "ವೈರಸ್ಸಿಂದ ಬಂದ ಭೇದಿ, ಅಜ್ಜಿ. ಗಕ್ಕನೆ ನಿಲ್ಲಿಸೋ ಔಷಧಿ ಇಲ್ಲ. ಹೋದಷ್ಟು ನೀರು ಒಳಗೆ ಹೋಗ್ಬೇಕು" ಎಂದರು. ಓಆರ್‌ಎಸ್ ಪುಡಿ ಕಲಸಿದ ನೀರನ್ನು ಚಮಚ ಚಮಚವಾಗಿ ಕುಡಿಸಿದೆ. ಎಲ್ಲವನ್ನೂ ಕಕ್ಕಿದಳು. ನಾನು ಅತ್ತೇಬಿಟ್ಟೆ. "ಸ್ವಲ್ಪ ತಡೆದು ಮತ್ತೆ ಶುರು ಮಾಡಿ, ಇನ್ನೂ ನಿಧಾನಕ್ಕೆ" ಎಂದಳು ನರ್ಸು. ಎದುರಿನ ಹಾಸಿಗೆಯ ಕೂಸಿಗೆ ಕುಡಿಯುವ ತ್ರಾಣವೂ ಇರಲಿಲ್ಲ, ಡ್ರಿಪ್ ಹಾಕಿದ್ದರು. ಅತ್ತ ನೋಡಬಾರದು ಎಂದುಕೊಳ್ಳುತ್ತಲೇ ಅತ್ತಲೇ ನೋಡುತ್ತಿದ್ದೆ. ದೇವರನ್ನು ನೆನೆಯಲೂ ತೋಚಲಿಲ್ಲ, ನಿನ್ನ ಮುಖವೇ ಕಣ್ಣಮುಂದೆ. "ನಾನಿಲ್ವಾ, ಹೋಗಿ ಬಾ" ಎಂದು ನಿನ್ನನ್ನು ಹಡಗು ಹತ್ತಿಸಿದವಳು ನಾನಲ್ಲವೇ?

ಸಂಜೆಯಾಗುವಾಗ ನನ್ನ ಮಡಿಲು ಬೆಚ್ಚಗೆ ಒದ್ದೆಯಾಯಿತು. ಭೇದಿಯಲ್ಲ, ಬೆಳಿಗ್ಗೆಯಿಂದ ಬಾರದಿದ್ದ ಉಚ್ಚೆ! "ಉಚ್ಚೆ ಹೊಯ್ದಳು!" ಎಂದು ನಾನು ಕಿರುಚಿದ್ದಕ್ಕೆ ವಾರ್ಡೇ ಬೆಚ್ಚಿಬಿತ್ತು. ನಿನ್ನ ಗಂಡ ಆಗಷ್ಟೇ ಓಡಿಬಂದಿದ್ದ, ಲಾಟರಿ ಹೊಡೆದವನಂತೆ ನಕ್ಕ.

ಶುಕ್ರವಾರ ಮನೆಗೆ ಕಳಿಸಿದರು. ಹಾಲು, ಊಟ ನಿಲ್ಲಿಸಬಾರದಂತೆ. ಭೇದಿ ನಿಂತರೂ ಜಿಂಕ್ ಔಷಧಿಯನ್ನು ಪೂರ್ತಿ ಮುಗಿಸಬೇಕಂತೆ. ಕೈಯನ್ನಂತೂ ಚರ್ಮ ಸವೆಯುವಷ್ಟು ತೊಳೆಯುತ್ತಿದ್ದೇವೆ. ಆದರೂ ಅವಳು ಸುಮ್ಮನೆ ಆಕಳಿಸಿದರೂ ನನ್ನೆದೆ ಧಸಕ್ಕೆನ್ನುತ್ತದೆ.

ಸಮುದ್ರ ನಿನ್ನನ್ನು ಜೋಪಾನವಾಗಿ ದಡ ಸೇರಿಸಲಿ, ಮಗಳೇ. ವೇಳೆಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅತ್ತೆ

ಮರೆಯುವ ಮುನ್ನ: ಕಾಗದ ಮಡಚುತ್ತಿದ್ದೆ, ಪುಟ್ಟ ಎದ್ದ. ಹಾಸಿಗೆಯ ತುಂಬ ಕಕ್ಕಿದ್ದಾನೆ, ಭೇದಿಯೂ ಶುರುವಾಗಿದೆ. ಸದ್ಯಕ್ಕೆ ಗೆಲುವಾಗಿದ್ದಾನೆ, ನಿನ್ನ ಗಂಡ ಪುಡಿ ಕಲಸುತ್ತಿದ್ದಾನೆ. ಏನು ಮಾಡಬೇಕೆಂದು ಈಗ ಗೊತ್ತಿದೆ, ಆದರೂ ಅವನ ನೆತ್ತಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ. ಕ್ಯಾಪ್ಟನ್ನರನ್ನು ರಜೆ ಕೇಳಿ ನೋಡು. ಬಿಟ್ಟರೆ ಬಂದುಬಿಡು ತಾಯಿ.