ಬೆಳ್ಳಗಾದ ಹವಳ

ಹಲ್ಲಿನ ಡಾಕ್ಟರೇ,

ನಿಮ್ಮ ಕ್ಲಿನಿಕ್ಕಿನ ಹವಳ, ಮೀನುಗಳ ಗಾಜಿನ ತೊಟ್ಟಿಯನ್ನು ಆರು ವರ್ಷದಿಂದ ನೋಡಿಕೊಂಡು ಬಂದವಳು ನಾನು. ಮಗಳ ಬಾಣಂತನಕ್ಕೆಂದು ಒಂದು ತಿಂಗಳು ರಜೆ ಹಾಕಿದ್ದೇ ತಪ್ಪಾಯಿತೇ? ನೀರು ಗಲೀಜು ಅಂತ ಮೀನಿನ ಊಟಕ್ಕೆ ಕತ್ತರಿ ಹಾಕಿ, ಫಾಸ್ಫೇಟ್ ಹೀರುವ ಚೀಲ ಮೂರು ಮೂರು ಇಳಿಬಿಟ್ಟಿದ್ದೀರಿ. ಈಗ ನೀರಿನ ಪರೀಕ್ಷೆಯಲ್ಲಿ ನೈಟ್ರೇಟೂ ಸೊನ್ನೆ, ಫಾಸ್ಫೇಟೂ ಸೊನ್ನೆ. ಹವಳ ಬೆಳ್ಳಗೆ ಹೊಳೆಯುತ್ತಿದೆ ಅಂತ ಫೋಟೊ ಬೇರೆ ಕಳಿಸಿದ್ದೀರಿ! ಅದು ಹಲ್ಲಲ್ಲ ಸ್ವಾಮಿ, ಜೀವ. ನೀವು ಗಲೀಜು ಅಂದದ್ದೇ ಅದರ ಊಟ. ಹೊಟ್ಟೆಗಿಲ್ಲದೆ ಬಿಳಿಚಿಕೊಂಡಿದೆ.

ಚೀಲಗಳನ್ನು ದಿನಕ್ಕೊಂದರಂತೆ ತೆಗೆಯಿರಿ. ಮೀನಿಗೆ ಮೊದಲಿನ ಹಾಗೆ ಊಟ ಹಾಕಿ. ಬದುಕಿದರೂ ಬದುಕೀತು. ಸೋಮವಾರ ನಾನೇ ಬರುತ್ತೇನೆ. ಅಲ್ಲಿವರೆಗೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಏನನ್ನಾದರೂ ಬೆಳ್ಳಗೆ ಮಾಡದೆ ಕೈ ಸುಮ್ಮನಿರದಿದ್ದರೆ, ಹೊರಗೆ ಬೆಂಚಿನ ಮೇಲೆ ನಿಮ್ಮ ಪೇಷಂಟುಗಳು ಕೂತಿದ್ದಾರಲ್ಲ.

ಇಂತಿ,
ತೊಟ್ಟಿ ನೋಡಿಕೊಳ್ಳುವವಳು