ನಿಮ್ಮ ಲೆಕ್ಕದಲ್ಲಿ ಸತ್ತುಹೋದ ನಮ್ಮ ಹಸುಗಳು

ಕೃಷಿ ನೀತಿಗಳ ಪರಿಣಾಮವನ್ನು ಪ್ರದೇಶವಾರು ಅಂದಾಜು ಮಾಡುವ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ಹಸುಗಳು ಸತ್ತಿಲ್ಲ. ಈ ಸುದ್ದಿ ತಿಳಿಸಲು ನನಗೆ ಸಂಕೋಚವಾಗುತ್ತಿದೆ. ಯಾಕೆಂದರೆ ತಮ್ಮ ವರದಿ ಬಹಳ ಅಚ್ಚುಕಟ್ಟಾಗಿ ಮುದ್ರಣವಾಗಿದೆ, ನಕ್ಷೆಗಳ ಬಣ್ಣವೂ ಕಣ್ಣಿಗೆ ತಂಪು. ಅದರ ಪ್ರಕಾರ ನಮ್ಮ ಮೇಲಿನ ಹುಲ್ಲುಗಾವಲಿನ ಹಸುಗಳೆಲ್ಲ ಪ್ರತಿವರ್ಷ ಶರತ್ಕಾಲದಲ್ಲಿ ಮೇವಿಲ್ಲದೆ ‘ಹೊಂದಾಣಿಕೆ’ಗೆ ಒಳಗಾಗುತ್ತವೆ. ಹೊಂದಾಣಿಕೆ ಎಂದರೆ ಕಸಾಯಿಖಾನೆ ಎಂದು ಅದೇ ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಹಸುಗಳೇ ಉಳಿಯದ ಕಡೆ ಹುಲ್ಲುಗಾವಲು ಯಾಕೆ ಬೇಕು? ಹಾಗಾಗಿ ಬರುವ ವಸಂತದಿಂದ ಓಬರ್‌ಫಾಲ್ಸ್ ಆಲ್ಪ್ ಎಂಬ ನಮ್ಮ ಆ ಹುಲ್ಲುಗಾವಲನ್ನು ಸಹಾಯಧನದಿಂದ ಕೈಬಿಟ್ಟು ಕಾಡಿಗೆ ಸೇರಿಸಬೇಕೆಂದು ತಾವು ಶಿಫಾರಸು ಮಾಡಿದ್ದೀರಿ. ಆ ಆಲ್ಪನ್ನು ನಂಬಿಕೊಂಡು ನಮ್ಮ ಊರಿನ ಏಳು ಮನೆಗಳಿವೆ. ಅದರ ಉಸ್ತುವಾರಿ ನನ್ನದು. ಸತ್ತ ಹಸುಗಳ ಪರವಾಗಿ ನಾನೇ ಬರೆಯುತ್ತಿದ್ದೇನೆ. ಅವಕ್ಕೆ ಪುರುಸೊತ್ತಿಲ್ಲ, ಮೇಯುತ್ತಿವೆ.

ನಮ್ಮ ಬ್ರೆಗೆಂಜರ್‌ವಾಲ್ಡ್ ಗುಡ್ಡನಾಡಿನ ಮಕ್ಕಳಿಗೂ ಗೊತ್ತಿರುವ ವಿಷಯವನ್ನು ನಿರ್ದೇಶಕರಿಗೆ ವಿವರಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ನಮ್ಮ ಹಸುಗಳಿಗೆ ವರ್ಷಕ್ಕೆ ಮೂರು ಮನೆ. ಚಳಿಗಾಲದಲ್ಲಿ ಊರಿನ ಕೊಟ್ಟಿಗೆ. ಹಿಮ ಕರಗಿದ ಮೇಲೆ ನಡುಗುಡ್ಡದ ಬಯಲು. ಅಲ್ಲಿ ನಮ್ಮ ಮರದ ಮನೆಗಳಿವೆ, ನಾವೂ ಹಾಸಿಗೆ ಪಾತ್ರೆ ಕಟ್ಟಿಕೊಂಡು ಹೋಗಿ ಇರುತ್ತೇವೆ. ನಡುಬೇಸಿಗೆಯಲ್ಲಿ ಇನ್ನೂ ಮೇಲಿನ ಆಲ್ಪ್. ಶರತ್ಕಾಲ ಬಂತೆಂದರೆ ಅದೇ ದಾರಿಯಲ್ಲಿ ವಾಪಸು. ಇದು ವಿಹಾರಯಾತ್ರೆಯಲ್ಲ. ಹಸುಗಳು ಮೇಲಿರುವಾಗಲೇ ಊರಿನ ಹುಲ್ಲು ಬೆಳೆಯಬೇಕು, ಕೊಯ್ದು ಒಣಗಿಸಿ ಅಟ್ಟಕ್ಕೆ ಏರಿಸಬೇಕು. ಬೇಸಿಗೆಯಲ್ಲೂ ಊರಲ್ಲೇ ಉಳಿದರೆ ಅವು ಚಳಿಗಾಲದ ಹುಲ್ಲನ್ನು ಜುಲೈನಲ್ಲೇ ತಿಂದು ಬಾಯಿ ಒರೆಸಿಕೊಳ್ಳುತ್ತವೆ. ಹುಳಿ ಬರಿಸಿದ ಮೇವು ಹಾಕೋಣವೆಂದರೆ ನಮ್ಮ ಚೀಸ್ ಕೆಡುತ್ತದೆ, ಒಣಹುಲ್ಲೇ ಆಗಬೇಕು. ಆದ್ದರಿಂದ ಆಲ್ಪ್ ಹೋದರೆ ಊರಿನ ಕೊಟ್ಟಿಗೆಯೂ ಹೋದಂತೆಯೇ.

ಈಗ ತಮ್ಮ ಗಣಿತದ ಮಾದರಿಗೆ ಬರೋಣ. ಆಲ್ಪಿನ ಕೆಳಗೆ ಒಂದು ಹಳ್ಳ ಹರಿಯುತ್ತದೆ. ಹಳ್ಳದ ಈಚೆ ಪ್ರದೇಶ ಎಂಟು, ಆಚೆ ಪ್ರದೇಶ ಒಂಬತ್ತು ಎಂದು ತಾವು ಗೆರೆ ಎಳೆದಿದ್ದೀರಿ. ಒಂದು ಪ್ರದೇಶದ ಹುಲ್ಲನ್ನು ಆ ಪ್ರದೇಶದ ಹಸುವೇ ತಿನ್ನಬೇಕೆಂಬುದು ಮಾದರಿಯ ಕಟ್ಟಳೆ. ಹುಲ್ಲನ್ನು ದೂರ ಸಾಗಿಸುವುದು ದುಬಾರಿಯಾದ್ದರಿಂದ ಕಟ್ಟಳೆಯಲ್ಲಿ ತಪ್ಪಿಲ್ಲ. ಆದರೆ ಹುಲ್ಲು ನಡೆಯುವುದಿಲ್ಲ, ಹಸು ನಡೆಯುತ್ತದೆ ಎನ್ನುವುದು ತಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆದಂತೆ ಕಾಣೆ. ಪರಿಣಾಮವಾಗಿ ಎಂಟನೇ ಪ್ರದೇಶದಲ್ಲಿ ಅಟ್ಟದ ತುಂಬ ಒಣಹುಲ್ಲು, ತಿನ್ನುವವರಿಲ್ಲ. ಒಂಬತ್ತನೇ ಪ್ರದೇಶದಲ್ಲಿ ಹಿಂಡು ಹಿಂಡು ಹಸು, ಚಳಿಗಾಲಕ್ಕೆ ಹುಲ್ಲುಕಡ್ಡಿಯಿಲ್ಲ. ಇತ್ತ ಹುಲ್ಲು ಕೊಳೆಯುತ್ತದೆ, ಅತ್ತ ಹಸು ಸಾಯುತ್ತದೆ, ನಡುವೆ ಹತ್ತು ಹೆಜ್ಜೆಯ ಒಂದು ಮರದ ಸೇತುವೆ.

ಏಪ್ರಿಲ್ ತಿಂಗಳಲ್ಲಿ ತಮ್ಮ ಉಪನಿರ್ದೇಶಕರು ಊರಿನ ಹೋಟೆಲಿನಲ್ಲಿ ಸಭೆ ಕರೆದು ಈ ನಕ್ಷೆಗಳನ್ನು ಗೋಡೆಯ ಮೇಲೆ ತೋರಿಸಿದರು. ಎಂಟನೇ ಪ್ರದೇಶದ ‘ಪ್ರಾತಿನಿಧಿಕ ರೈತ’ನು ಮಿಕ್ಕ ಹುಲ್ಲನ್ನು ಕಂಡು ಹಂತಹಂತವಾಗಿ ಮೆಕ್ಕೆಜೋಳಕ್ಕೆ ಬದಲಾಗುತ್ತಾನೆ ಎಂದರು. ನನ್ನ ಅಕ್ಕನ ಮಗಳು ರೈನೆಲ್ಡೆ, ಆಲ್ಪಿನಲ್ಲಿ ಚೀಸ್ ಮಾಡುವವಳು, ಎದ್ದು ನಿಂತಳು.

“ಯಾರ್ರೀ ಈ ಮನುಷ್ಯ? ನಾನು ನೋಡೇ ಇಲ್ವಲ್ಲ ಇವನ್ನ.”

“ಒಬ್ಬ ವ್ಯಕ್ತಿ ಅಲ್ಲ ಮೇಡಂ. ಇಲ್ಲಿನ ಎಲ್ಲ ರೈತರ ಸರಾಸರಿ.”

“ಮದುವೆ ಆಗಿದ್ಯಾ ಅವನಿಗೆ?”

ಉಪನಿರ್ದೇಶಕರು ಪಾಪ, ನಿಜವಾಗಿಯೂ ಕಾಗದ ತಿರುವಿ ನೋಡಿದರು. “ಮಾದರಿಯಲ್ಲಿ ಆ ವಿವರ ಇಲ್ಲ.”

“ಹಂಗಾದ್ರೆ ಬಿಡಿ, ನಂಗೂ ಬೇಡ. ಈ ಇಳಿಜಾರಲ್ಲಿ ಮೆಕ್ಕೆಜೋಳ ಬಿತ್ತೋನು ಸಂಸಾರ ಹೆಂಗ್ ನಡೆಸ್ತಾನೆ!”

ಹೋಟೆಲು ನಗುವಿನಿಂದ ತುಂಬಿಹೋಯಿತು. ನನ್ನ ಪಕ್ಕದ ಮನೆಯ ಯೋಡೊಕ್, ಎಪ್ಪತ್ತು ದಾಟಿದವ, ಮಾತ್ರ ನಗಲಿಲ್ಲ. ಅವನು ಕೈ ಎತ್ತಿದ.

“ಸ್ವಾಮಿ, ನಮ್ಮ ಎಂಟನೇ ಪ್ರದೇಶದಲ್ಲಿ ಹಸು ಎಷ್ಟೂಂತ ಹಾಕಿದೀರಾ?”

“ಬಹುತೇಕ ಸೊನ್ನೆ.”

“ಸೊನ್ನೇನಾ? ಮತ್ತೆ ಇವತ್ತು ಬೆಳಗ್ಗೆ ನನ್ ಕಾಲ್ ತುಳಿದಿದ್ದು ಯಾವ್ದು?” ಎಂದು ಊದಿದ ಪಾದವನ್ನು ಕುರ್ಚಿಯ ಮೇಲೆ ಇಟ್ಟೇಬಿಟ್ಟ.

ಆ ಪ್ರಾತಿನಿಧಿಕ ರೈತನ ಬಗ್ಗೆ ಆಮೇಲೆ ನಾನು ಬಹಳ ಯೋಚಿಸಿದೆ. ಅವನಿಗೆ ಮಂಡಿನೋವಿಲ್ಲ, ನೆರೆಹೊರೆಯಿಲ್ಲ, ಬೆಲೆ ಇಳಿದ ದಿನವೇ ಹಸುಗಳನ್ನೆಲ್ಲ ಮಾರಿ ರಾತ್ರಿ ಹಾಯಾಗಿ ನಿದ್ದೆ ಮಾಡುತ್ತಾನೆ. ಹುಲ್ಲು ಒಣಹಾಕಿದ ದಿನ ಒಂದು ಸಲವೂ ಆಕಾಶ ನೋಡುವುದಿಲ್ಲ. ಇಂಥ ನಿಶ್ಚಿಂತ ಮನುಷ್ಯ ನಮ್ಮ ಊರಲ್ಲಿ ಇದ್ದಿದ್ದರೆ ಆಲ್ಪಿನ ದಾರಿ ರಿಪೇರಿಗೆ ಅವನನ್ನೇ ಕರೆಯುತ್ತಿದ್ದೆ, ಬರುತ್ತಿದ್ದನೋ ಇಲ್ಲವೋ. ಏಳು ಮನೆಯವರೂ ಗುದ್ದಲಿ ಹಿಡಿದು ಬರುವುದು ಲಾಭಕ್ಕಲ್ಲ, ಬಾರದಿದ್ದರೆ ಉಳಿದ ಆರು ಮನೆಯವರು ವರ್ಷವಿಡೀ ಆಡಿಕೊಳ್ಳುತ್ತಾರೆಂದು. ಆಡಿಕೊಳ್ಳುವವರ ಬಾಯಿಗೆ ತಮ್ಮ ಮಾದರಿಯ ಸಮೀಕರಣದಲ್ಲಿ ಯಾವ ಅಕ್ಷರ ಇಟ್ಟಿದ್ದೀರಿ?

ಸೊನ್ನೆ ಎಲ್ಲಿಂದ ಬಂತೆಂದು ಹುಡುಕಿದಾಗ, ಮಾನ್ಯರೇ, ಅದರಲ್ಲಿ ನಮ್ಮವರ ಪಾಲೂ ಇದೆಯೆಂದು ತಿಳಿಯಿತು. ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಹೋದ ವರ್ಷ ಜುಲೈನಲ್ಲಿ ತಮ್ಮ ಗಣತಿದಾರರು ಮನೆಮನೆಗೆ ಬಂದು “ಇಲ್ಲಿ ಎಷ್ಟು ಹಸುಗಳಿವೆ?” ಎಂದು ಕೇಳಿದರು. ನಮ್ಮ ಜನ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರು. ಅದಕ್ಕಿಂತ ಒಂದು ಮಾತು ಹೆಚ್ಚು ಆಡಿದರೆ ನಾಲಿಗೆ ಸವೆಯುತ್ತದೆಂದು ನಂಬಿದವರು. ಜುಲೈನಲ್ಲಿ ಇಲ್ಲಿ ಹಸು ಎಲ್ಲಿರುತ್ತದೆ? “ಒಂದೂ ಇಲ್ಲ” ಎಂದು ಪ್ರತಿ ಮನೆಯವರೂ ಹೇಳಿ ಬಾಗಿಲು ಹಾಕಿಕೊಂಡರು. ಯೋಡೊಕ್‌ನನ್ನು ನಾನು ತರಾಟೆಗೆ ತೆಗೆದುಕೊಂಡೆ.

“ಮೇಲಿವೆ ಅಂತ ಒಂದ್ ಮಾತು ಹೇಳೋಕಾಗ್ತಿರಲಿಲ್ವಾ ಮಾರಾಯ?”

“ಅವರು ಎಲ್ಲಿವೆ ಅಂತ ಕೇಳ್ಲಿಲ್ಲ ಇರ್ಮ್‌ಗಾರ್ಡಕ್ಕ. ಇಲ್ಲಿ ಎಷ್ಟಿವೆ ಅಂತ ಕೇಳಿದ್ರು. ಸುಳ್ಳು ಹೇಳ್ಲಾ?”

“ಖಾಲಿ ಕೊಟ್ಟಿಗೆ ನೋಡಿ ಅವರಿಗೂ ಅನುಮಾನ ಬರ್ಲಿಲ್ವಾ?”

“ಒಳ್ಳೇ ಮನುಷ್ಯ ಅವ್ರು. ‘ಛೆ, ಕಷ್ಟ ಬಂತಾ’ ಅಂದ್ರು. ಬೆನ್ನು ತಟ್ಟಿ ಹೋದ್ರು.”

ಆ ಗಣತಿದಾರರ ಜೊತೆಗಾರರು ಅದೇ ವಾರ ಆಲ್ಪ್ ಏರಿ ಅಲ್ಲಿದ್ದ ಹಸುಗಳನ್ನೆಲ್ಲ ಒಂಬತ್ತನೇ ಪ್ರದೇಶದ ಖಾಯಂ ನಿವಾಸಿಗಳೆಂದು ಬರೆದುಕೊಂಡರು. ಸರಿ, ಇಲ್ಲಿಯವರೆಗಿನದು ಮನುಷ್ಯಸಹಜವಾದ ತಪ್ಪು, ನಕ್ಕು ಮರೆಯಬಹುದು. ನನಗೆ ಸಿಟ್ಟು ಬಂದದ್ದು ಆಮೇಲಿನದಕ್ಕೆ.

ನಾನು ತಕರಾರು ಕಳಿಸಿದ ಮೇಲೆ ತಾವು ಕೊರಿನ್ನಾ ಎಂಬ ಯುವ ಅರ್ಥಶಾಸ್ತ್ರಜ್ಞೆಯನ್ನು ಇಲ್ಲಿಗೆ ಕಳಿಸಿದಿರಿ. ಅದಕ್ಕೆ ಋಣಿ. ಅವರು ಬಂದದ್ದು ಹಸುಗಳು ನಡುಬಯಲಿನಿಂದ ಆಲ್ಪಿಗೆ ಹೊರಡುವ ದಿನವೇ. ನಗರದ ಬೂಟು ಬಿಚ್ಚಿಸಿ ರೈನೆಲ್ಡೆಯ ಬೂಟು ತೊಡಿಸಿ, ಕೈಗೊಂದು ಕೋಲು ಕೊಟ್ಟೆವು. ಹಿಂಡಿನ ಹಿಂದೆ ನಮ್ಮಷ್ಟೇ ಜೋರಾಗಿ ಕೂಗುತ್ತ ನಡೆದರು. ಹಳ್ಳದ ಸೇತುವೆಯ ನಟ್ಟನಡುವೆ ಬಂದಾಗ ಮುಂದಾಳು ಹಸು ಲೋರೆ ಗಕ್ಕನೆ ನಿಂತುಬಿಟ್ಟಳು. ಹಿಂದಿದ್ದ ಹಿಂಡೂ ನಿಂತಿತು. ಯೋಡೊಕ್‌ಗೆ ಇಂಥ ಅವಕಾಶ ಬಿಟ್ಟು ಗೊತ್ತಿಲ್ಲ.

“ಅಮ್ಮಣ್ಣಿ, ಈಗಿದು ಎಂಟೋ ಒಂಬತ್ತೋ?”

ಕೊರಿನ್ನಾ ಬಗ್ಗಿ ನೋಡಿದರು. “ಮುಂಗಾಲು ಒಂಬತ್ತು ತಲುಪಿವೆ, ಅಜ್ಜ.”

“ಕೆಚ್ಚಲು ಎಂಟರಲ್ಲೇ ಇದ್ಯಲ್ಲ! ಹಾಲು ಯಾರಿಗೆ?”

“ಅಯ್ಯೋ, ಇದು ಹಿಂಗೇ ನಿಂತಿರ್ಲಿ ಬಿಡಿ! ಮೇಯೋದು ಒಂಬತ್ತರ ಖರ್ಚಲ್ಲಿ, ಹಾಲು ಎಂಟಕ್ಕೆ. ನಿಮ್ಮ ಪ್ರದೇಶ ಎರಡು ವರ್ಷದಲ್ಲಿ ಶ್ರೀಮಂತ ಆಗೋಗತ್ತೆ.”

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲೋರೆ ಅಲ್ಲೇ ಸಗಣಿ ಹಾಕಿ ಮುಂದೆ ನಡೆದಳು. ಅದು ಎಂಟನೇ ಪ್ರದೇಶಕ್ಕೆ ಸೇರಿತು, ದಯವಿಟ್ಟು ನಮೂದಿಸಿಕೊಳ್ಳಿ.

ಮೇಲೆ ತಲುಪಿ, ಹುರಿದ ರವೆಯ ರೀಬಲ್ ಮತ್ತು ಕಾಫಿಯ ಮುಂದೆ ಕುಳಿತಾಗ ಅವರು ಗಂಭೀರರಾದರು. ಈ ಎಡವಟ್ಟನ್ನು ಚಳಿಗಾಲದಲ್ಲೇ ಗುರುತಿಸಿ ಮೇಲಕ್ಕೆ ತಿಳಿಸಿದ್ದಾಗಿ ಹೇಳಿದರು. ಎರಡು ಪ್ರದೇಶ ಕೂಡಿಸಿ ಮತ್ತೊಮ್ಮೆ ಲೆಕ್ಕ ಹಾಕಲು ಅವರಿಗೆ ಒಂದು ಮಧ್ಯಾಹ್ನ ಸಾಕಂತೆ. ತಮ್ಮ ಮೇಜಿನಿಂದ ಬಂದ ಉತ್ತರ: ದೇಶದ ಮಟ್ಟದಲ್ಲಿ ವ್ಯತ್ಯಾಸ ನಗಣ್ಯ, ಆದ್ದರಿಂದ ಅಗತ್ಯವಿಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವರೇನೂ ಗುಟ್ಟು ರಟ್ಟು ಮಾಡಲಿಲ್ಲ. ಇದೇ ಮಾತು ವರದಿಯ ಅಡಿಟಿಪ್ಪಣಿಯಲ್ಲಿ ಅಚ್ಚಾಗಿದೆ.

ನಗಣ್ಯ! ಆ ಪದ ಕೇಳಿ ನನ್ನ ಕಾಫಿ ತಣ್ಣಗಾಯಿತು. ತಮ್ಮ ಮಾತು ನಿಜವೇ ಎಂಬುದು ಇದರ ಚೋದ್ಯ. ಎಂಟರ ಹುಲ್ಲನ್ನೂ ಒಂಬತ್ತರ ಹಸುವನ್ನೂ ಕೂಡಿಸಿದರೆ ದೇಶದ ಮೊತ್ತ ತಾಳೆಯಾಗುತ್ತದೆ. ಆದರೆ ದೇಶದ ಮಟ್ಟದಲ್ಲಿ ಕುಳಿತು ಯಾರಾದರೂ ಹಾಲು ಕರೆದದ್ದುಂಟೇ? ಮೊತ್ತವಷ್ಟೇ ಸಾಕಾಗಿದ್ದರೆ ಪ್ರದೇಶವಾರು ಮಾದರಿ ಯಾತಕ್ಕೆ, ಅದಕ್ಕೊಂದು ಕಚೇರಿ ಯಾತಕ್ಕೆ, ಕಚೇರಿಗೊಬ್ಬ ನಿರ್ದೇಶಕರು ಯಾತಕ್ಕೆ? ಒಂದು ನೀತಿ ಬಯಲಿನ ಗೋಧಿ ಬೆಳೆಗಾರನಿಗೆ ಏನು ಮಾಡುತ್ತದೆ, ಗುಡ್ಡದ ಮೇಲಿನವಳಿಗೆ ಏನು ಮಾಡುತ್ತದೆ ಎಂದು ಬೇರೆಬೇರೆಯಾಗಿ ನೋಡಲೆಂದೇ ಅಲ್ಲವೇ ತಾವು ಹುಟ್ಟಿದ್ದು? ಲೆಕ್ಕವೇ ಬೇಡ ಎನ್ನುವವಳಲ್ಲ ನಾನು. ಮೊದಲೆಲ್ಲ ರಾಜಧಾನಿಯಲ್ಲಿ ಯಾರಿಗೋ ಹೊಳೆದದ್ದೇ ನೀತಿಯಾಗುತ್ತಿತ್ತು, ಅದರ ಪೆಟ್ಟು ನಾವು ತಿಂದು ನೋಡಿ ತಿಳಿಯುತ್ತಿದ್ದೆವು. ಪೆಟ್ಟು ಬೀಳುವ ಮೊದಲೇ ಕಾಗದದ ಮೇಲೆ ನೋಡುವುದು ಜಾಣತನ. ಆದರೆ ತಪ್ಪು ಗೊತ್ತಾದ ಮೇಲೂ ಕಾಗದವೇ ಸರಿ, ಗುಡ್ಡವೇ ತಪ್ಪು ಎಂದು ಕೂರುವುದಕ್ಕೆ ಜಾಣತನ ಎನ್ನುವುದಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಇದು ತಮಾಷೆಯಲ್ಲ.

ಆಲ್ಪಿನಿಂದ ಹಿಂಡು ಇಳಿಯುವ ದಿನ ನಾವು ಮುಂದಾಳು ಹಸುವಿಗೆ ಹೂವಿನ ಕಿರೀಟ ಕಟ್ಟುತ್ತೇವೆ. ಆದರೆ ಆ ಬೇಸಿಗೆಯಲ್ಲಿ ಒಂದು ಹಸುವೂ ಸತ್ತಿರಬಾರದು. ಸತ್ತಿದ್ದರೆ ಹಿಂಡು ಬರಿತಲೆಯಲ್ಲಿ ಇಳಿಯುತ್ತದೆ, ದಾರಿಯ ಮನೆಯವರು ನೋಡಿ ಸುಮ್ಮನೆ ಟೋಪಿ ತೆಗೆಯುತ್ತಾರೆ. ಈ ಸಲ ಒಂದು ಹಸುವಿಗೂ ಏನೂ ಆಗಿಲ್ಲ, ಒಂದು ಕಾಲೂ ಮುರಿದಿಲ್ಲ. ಕಳೆದ ಭಾನುವಾರ ನಾನು ಬ್ರೆಡ್ಡು, ಉಪ್ಪು ಹೊತ್ತು ಮೇಲೆ ಹೋದಾಗ ರೈನೆಲ್ಡೆ ಅಟ್ಟದ ಮೇಲೆ ಕುಳಿತು ಫರ್ ಮರದ ರೆಂಬೆಗೆ ಕಾಗದದ ಹೂ ಪೋಣಿಸುತ್ತಿದ್ದಳು. ನನ್ನನ್ನು ಕಂಡು ಅರ್ಧಕ್ಕೆ ನಿಲ್ಲಿಸಿದಳು.

“ಚಿಕ್ಕಮ್ಮ, ಇದನ್ನ ಮುಗಿಸ್ಲಾ, ಬೇಡ್ವಾ?”

“ಯಾಕೇ? ಒಂದೂ ಸತ್ತಿಲ್ವಲ್ಲ.”

“ಹಸು ಸತ್ರೆ ಹೂ ಇಲ್ಲ ಅಂತ ಗೊತ್ತು. ಆಲ್ಪೇ ಸಾಯೋದಾದ್ರೆ ಏನ್ಮಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ ನಂಗೆ.”

ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಸಭೆಯಲ್ಲಿ ಅಷ್ಟೊಂದು ಜನರನ್ನು ನಗಿಸಿದ ಹುಡುಗಿ ಅವಳು. ಮುಖ ಆಚೆ ತಿರುಗಿಸಿಕೊಂಡು ಕುಳಿತಳು. ನನಗೆ ಅಳು ಬಂತು, ಚೀಸ್ ಕಾಯಿಸುವ ಒಲೆಯ ಹೊಗೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಊರು, ನಡುಬಯಲು, ಆಲ್ಪ್ ಮೂರನ್ನೂ ಒಂದೇ ಪ್ರದೇಶವೆಂದು ಸೇರಿಸಿ, ಕೊರಿನ್ನಾ ಅವರಿಗೆ ಆ ಒಂದು ಮಧ್ಯಾಹ್ನ ಕೊಡಿ. ಅಲ್ಲಿಯವರೆಗೆ ಓಬರ್‌ಫಾಲ್ಸಿನ ಹೆಸರನ್ನು ಹೊಡೆದುಹಾಕಬೇಡಿ. ಹಿಂಡು ಇಳಿಯುವುದು ಈ ತಿಂಗಳ ಮೂರನೇ ಶನಿವಾರ ಬೆಳಗ್ಗೆ. ಅಂದು ಲೋರೆ ಕಿರೀಟವಿಲ್ಲದೆ ಆ ಸೇತುವೆಯವರೆಗೆ ಬಂದು ನಿಲ್ಲುತ್ತಾಳೆ. ಕಿರೀಟ ನನ್ನ ಕೈಯಲ್ಲಿರುತ್ತದೆ. ತಾವು ಈಚೆ ದಡದಲ್ಲಿ ನಿಂತಿರಬೇಕು. ಕಟ್ಟಬೇಕೋ ಬೇಡವೋ ತಾವೇ ಹೇಳಿ, ಅವಳ ಮುಖ ನೋಡಿಕೊಂಡು.

ಬೂಟು ನಾವು ಕೊಡುತ್ತೇವೆ.

ಇಂತಿ,
ಸತ್ತ ಹಸುವಿನ ಹಾಲನ್ನು ಕಳೆದ ಭಾನುವಾರವೂ ಕರೆದು ಬಂದ,
ದೇಶದ ಮಟ್ಟದಲ್ಲಿ ನಗಣ್ಯಳಾದ
ಇರ್ಮ್‌ಗಾರ್ಡ್ ನಾಟರ್
ಓಬರ್‌ಫಾಲ್ಸ್ ಆಲ್ಪಿನ ಉಸ್ತುವಾರಿ, ಪ್ರದೇಶ ಎಂಟು (ಚಳಿಗಾಲದಲ್ಲಿ), ಪ್ರದೇಶ ಒಂಬತ್ತು (ಬೇಸಿಗೆಯಲ್ಲಿ)