ಬೆಲ್ಲನ ಉಗುರು

ಶೆಟ್ಟಿಹಳ್ಳಿ
19-11-2024, ಮಂಗಳವಾರ

ಪ್ರೀತಿಯ ಮಗಳು ಮಂಜುಶ್ರೀಗೆ,

ಬೀದರಿನಲ್ಲಿ ಚಳಿ ಜೋರಂತೆ, ನಿನ್ನ ಕೆಮ್ಮು ನಿಂತಿತೇ? ನೀನು ನೋಡಿಕೊಳ್ಳುವ ಹಾಸ್ಟೆಲ್ ಮಕ್ಕಳ ಜೊತೆ ನೀನೂ ತಣ್ಣೀರಲ್ಲಿ ಸ್ನಾನ ಮಾಡಬೇಡ. ಫೋನ್ ಬಿಟ್ಟು ಕಾಗದವೇಕೆ ಎನ್ನುತ್ತೀಯಾ? ಫೋನಿನಲ್ಲಿ ಮಾತಾಡಿದರೆ ನಿಮ್ಮಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ.

ನೀನು ನಮ್ಮ ಹತ್ತಿರ ಬಿಟ್ಟುಹೋದ ಬೆಕ್ಕು ಬೆಲ್ಲನ ವಿಷಯ. ಒಂದು ತಿಂಗಳಿಂದ ನಿಮ್ಮಮ್ಮನ ಕೈಮೇಲೆಲ್ಲ ರಕ್ತದ ಗೀರು. ಕೇಳಿದರೆ, "ನಿಮ್ಮ ಮಗಳ ಬೆಕ್ಕೇ ಕಣ್ರೀ ಪರಚಿದ್ದು" ಎನ್ನುತ್ತಿದ್ದಳು. ನಿನ್ನ ಅತ್ತಿಗೆ ಮೋನಿಕಾ, "ಮಾವ, ಅದರ ಉಗುರನ್ನ ಆಪರೇಷನ್ ಮಾಡಿಸಿ ಪೂರ್ತಿ ತೆಗೆಸಿಬಿಡೋಣ, ಮತ್ತೆ ಬೆಳೆಯಲ್ವಂತೆ" ಎಂದಳು. ನನಗೆ ಅವಳ ಮೇಲೇ ಅನುಮಾನ ಬಂತು. ಹೊಸ ಸೋಫಾ ಬಂದ ವಾರವೇ ಈ ಮಾತು ಏಕೆ, ಬೆಕ್ಕು ಅದನ್ನು ಪರಚೀತೆಂದೇ? ಬೆಕ್ಕನ್ನು ಡಾಕ್ಟರ ಹತ್ತಿರ ಒಯ್ದೆ. "ಇದು ಉಗುರು ಕತ್ತರಿಸೋದಲ್ಲ ಸಾರ್, ಒಂದೊಂದು ಬೆರಳಿನ ತುದಿ ಮೂಳೆನೂ ತೆಗೀಬೇಕು. ನಾನ್ ಮಾಡಲ್ಲ" ಎಂದು ಉಗುರಿನ ತುದಿಯನ್ನಷ್ಟೇ ಮೊಂಡು ಮಾಡಿ ಕಳಿಸಿದರು. ಆದರೂ ಗೀರು ನಿಲ್ಲಲಿಲ್ಲ. ಕೊನೆಗೆ, ಮಾಡುತ್ತೇನೆ ಎಂದು ಒಪ್ಪಿದ ಇನ್ನೊಬ್ಬನ ಹತ್ತಿರ ಸೋಮವಾರಕ್ಕೆ ಗೊತ್ತು ಮಾಡಿಬಂದೆ. ಬೈಯಬೇಡ ಮಗಳೇ, ನಿಮ್ಮಮ್ಮನ ಕೈ ನೋಡಲಾಗುತ್ತಿರಲಿಲ್ಲ.

ಅಲ್ಲಿಯವರೆಗೆ ಅತ್ತೆಯ ಹತ್ತಿರ ಸುಳಿಯದಿರಲಿ ಎಂದು ಮೋನಿಕಾ ಶನಿವಾರ ಬೆಲ್ಲನನ್ನು ಮಹಡಿಯ ರೂಮಿನಲ್ಲಿ ಕೂಡಿಹಾಕಿದಳು. ಅವಳ ಮೇಲೆ ನಂಬಿಕೆಯಿಲ್ಲದೆ ಬೀಗದ ಕೈಯನ್ನು ನಾನೇ ಇಟ್ಟುಕೊಂಡೆ. ಭಾನುವಾರ ಬೆಳಗ್ಗೆ ನಿಮ್ಮಮ್ಮನ ಮೊಣಕೈಯಲ್ಲಿ ಹಸಿ ಗಾಯ. "ಈಗ್ತಾನೆ ಪರಚ್ತು ನೋಡ್ರೀ" ಎಂದಳು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆಗಿನಿಂದ ನಿಮ್ಮಮ್ಮನ ಮೇಲೆ ಕಣ್ಣಿಟ್ಟೆ. ಮಧ್ಯಾಹ್ನ ಬಟ್ಟೆ ಒಣಹಾಕಲು ಟೆರೇಸಿಗೆ ಹೋದವಳು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಹಿಂದೆ ಕುಳಿತು, ಬಾಚಣಿಗೆಯಿಂದ ರಕ್ತ ಬರುವ ಹಾಗೆ ಕೈ ಕೆರೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಅತ್ತಳು. "ಮೈಯೆಲ್ಲ ಕಡೀತದೆ ಕಣ್ರೀ, ತಡ್ಕೊಳಕ್ಕಾಗಲ್ಲ. ದೊಡ್ಡ ಕಾಯಿಲೆ ಅಂದ್ಬಿಟ್ರೆ ಮಂಜು ಕೆಲಸ ಬಿಟ್ಟು ಓಡ್ಬರ್ತಾಳೆ. ಅವಳಿಗೆ ಹೇಳ್ಬೇಡಿ."

ಆಪರೇಷನ್ ಬೇಡವೆಂದು ಆಗಲೇ ಫೋನ್ ಮಾಡಿದೆ. ವಿಷಯ ತಿಳಿದು ಮೋನಿಕಾ ಅತ್ತೆಯ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕುಳಿತಳು. ಅವಳ ಮುಖ ನೋಡಲು ನನಗೇ ನಾಚಿಕೆಯಾಯಿತು.

ನಿನ್ನ ಅಣ್ಣ ಮಹೇಂದ್ರ, ಮೋನಿಕಾ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಲಕ್ಕಣ್ಣ

ಮರೆತು ಕೊನೆಗೆ ಬರೆದೆ ಅಂದುಕೊಳ್ಳಬೇಡ, ಮೊದಲೇ ಬರೆಯಲು ಕೈ ಬರಲಿಲ್ಲ. ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ನಿಮ್ಮಮ್ಮನ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಹೋಗಿದೆಯಂತೆ, ತುರಿಕೆ ಅದರಿಂದಲೇ ಇರಬಹುದಂತೆ. ಮುಂದಿನ ಬುಧವಾರ ದೊಡ್ಡ ಡಾಕ್ಟರು ನೋಡುತ್ತಾರೆ. ಅಷ್ಟರೊಳಗೆ ರಜೆ ಹಾಕಿ ಬಾ. ಅವಳು ಕೇಳಿದರೆ, ಬೆಕ್ಕನ್ನು ನೋಡಲು ಬಂದೆ ಅನ್ನು.